‘ಕೊನೆಯ ಕೆಮ್ಮು’ ಪುಸ್ತಕದ ಆಣೆವಾರಿ

ಕನ್ನಡ ನಾಡು ಒಂದಾದ ಮರುವರ್ಷ, ಓದುಗನೆಂಬವನು ಕಂದಾಯಕ್ಕೆ ಸೇರತಕ್ಕವನು ಎಂದು ಮೇಲಿನಿಂದ ಇತ್ಯರ್ಥವಾಗಿ ಬಂತು.

ಇದರಲ್ಲಿ ಬೆರಗುಪಡುವಂಥದ್ದು ಏನೂ ಇಲ್ಲ. ಓದುಗ ಊರಿನಲ್ಲಿ ಇರುತ್ತಾನೆ, ಊರು ನೆಲದ ಮೇಲೆ ಇರುತ್ತದೆ, ನೆಲ ಕಂದಾಯದವರ ಕೈಯಲ್ಲಿ ಇರುತ್ತದೆ. ಆ ವರ್ಷ ಹೈದರಾಬಾದಿನ ಕಡತಗಳು ಉರ್ದುವಿನಲ್ಲಿ ಬಂದಿದ್ದವು, ಮೈಸೂರಿನ ಕಡತಗಳು ಇಂಗ್ಲಿಷಿನಲ್ಲಿ ಬಂದಿದ್ದವು. ಎರಡನ್ನೂ ಓದಬಲ್ಲ ಒಬ್ಬನೇ ಒಬ್ಬ ಗುಮಾಸ್ತ ಮಗಳ ಲಗ್ನಕ್ಕೆಂದು ರಜೆ ಹಾಕಿದ್ದ. ಹೀಗಾಗಿ ಎಲ್ಲವನ್ನೂ ಒಂದೇ ಕೆಂಪು ದಾರದಲ್ಲಿ ಬಿಗಿದು ಕಟ್ಟಲಾಯಿತು. ಏಕೀಕರಣ ಪೂರ್ತಿಯಾಯಿತು. ಜೋಳ, ತೊಗರಿ, ಶೇಂಗಾ, ಓದುಗ ಎಲ್ಲವೂ ಒಂದೇ ಗಂಟಿನೊಳಗೆ ಬಂದವು.

ಓದುಗನ ಕೆಲಸಕ್ಕೆಂದೇ ಶಹಾಪುರದಲ್ಲಿ ಒಂದು ಹೊಸ ಕಚೇರಿ ತೆರೆಯಿತು. ಅದರ ಹೆಸರು ‘ಗ್ರಂಥಾಭಿಪ್ರಾಯ ವಸೂಲಿ ಕಚೇರಿ’. ಮೊದಲು ಕುದುರೆ ಕಟ್ಟುತ್ತಿದ್ದ ಒಂದು ಲಾಯಕ್ಕೆ ಸುಣ್ಣ ಬಳಿದು ಅದನ್ನು ಇದಕ್ಕೆ ಕೊಟ್ಟಿದ್ದರು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಸೀಮೆಯ ಲೇಖಕರು ಬರೆದ ಯಾವ ಪುಸ್ತಕವೇ ಇರಲಿ, ಅದರ ಮೇಲೆ ಓದುಗರಲ್ಲಿ ಅಭಿಪ್ರಾಯ ಎಷ್ಟು ಬೆಳೆದಿದೆ ಎಂದು ಆಣೆವಾರಿ ಹಾಕುವುದು ಕಚೇರಿಯ ಕೆಲಸ.

ಆಣೆವಾರಿ ಎಂದರೇನೆಂದು ಈ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಬೆಳೆ ತುಂಬಿ ಬಂದರೆ ಹದಿನಾರಾಣೆ, ಅರ್ಧ ಬಂದರೆ ಎಂಟಾಣೆ, ಆರಾಣೆಗಿಂತ ಕೆಳಗೆ ಇಳಿದರೆ ಆ ವರ್ಷದ ಕಂದಾಯ ಮಾಫಿ. ಪೇಟೆಯಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತ್ತು. ಹೊಲದಲ್ಲಿ ಮಾತ್ರ ಆಣೆಯೇ ಉಳಿದಿತ್ತು, ಯಾಕೆಂದರೆ ಬೆಳೆಗೆ ಇನ್ನೂ ಯಾರೂ ಹೇಳಿ ಕಳಿಸಿರಲಿಲ್ಲ. ಪುಸ್ತಕಕ್ಕೂ ಅದೇ ಅಳತೆ ನಿಂತಿತು. ಆರಾಣೆ ಮತ್ತು ಮೇಲ್ಪಟ್ಟು ಬಂದ ಪುಸ್ತಕ ಶಹಾಪುರದಲ್ಲಿ ಕಟ್ಟಿಸಿದ್ದ ಹೊಸ ವಾಚನಾಲಯದ ಕಪಾಟಿಗೆ ಹೋಗತಕ್ಕದ್ದು. ಅದಕ್ಕಿಂತ ಕಡಿಮೆ ಬಂದ ಪುಸ್ತಕವನ್ನು ಬೀಳು ಎಂದು ಬರೆದುಕೊಂಡು ಬಿಟ್ಟುಬಿಡತಕ್ಕದ್ದು.

ಮೊದಲ ಆಣೆವಾರಿ ಮರಿಲಿಂಗಪ್ಪ ಮಾಸ್ತರರ ಪಾಲಿಗೆ ಬಂತು.

ಮಾಸ್ತರರು ಸಾಲಿಯಿಂದ ನಿವೃತ್ತರಾದವರು, ವಿಡಂಬನೆಯಿಂದ ಇನ್ನೂ ಆಗಿರಲಿಲ್ಲ. ಗಿರದಾವರನ ಕುದುರೆ, ತಹಸೀಲಿನ ಮಸಿಕುಡಿಕೆ, ಅಮೀನನ ಮೀಸೆ, ಇವುಗಳ ಮೇಲೆ ಹರೆಯದಿಂದ ಬರೆದುಕೊಂಡು ಬಂದಿದ್ದರು. ಕಲಿತದ್ದು ಉರ್ದುವಿನಲ್ಲಿ, ಕಲಿಸಿದ್ದು ಉರ್ದುವಿನಲ್ಲಿ. ಕನ್ನಡ ಪುಸ್ತಕಗಳು ಮಾತ್ರ ಅವರ ಮನೆಯಲ್ಲಿ ದೇವರ ಜಗಲಿಯ ಹಿಂದೆ, ಎಣ್ಣೆ ಬತ್ತಿಯ ಜಿಡ್ಡು ಹತ್ತಿಸಿಕೊಂಡು ದಿನ ಕಳೆದಿದ್ದವು. ಊರಿನಲ್ಲಿ ಬಹಿರಂಗವಾಗಿ ಒಂದು ಕನ್ನಡ ಕಪಾಟು ಆಗಬೇಕು, ಅದರಲ್ಲಿ ತಮ್ಮದೊಂದು ಪುಸ್ತಕ ನಿಲ್ಲಬೇಕು, ಕಣ್ಣಿನ ಪೊರೆ ಪೂರ್ತಿ ಮುಚ್ಚುವುದರೊಳಗೆ ಅದನ್ನು ತಾವು ನೋಡಬೇಕು. ಇಷ್ಟೇ ಅವರ ಆಸೆ. ಕಪಾಟು ಆಗಿತ್ತು. ಕಣ್ಣು ಮಂಜಾಗುತ್ತಿತ್ತು. ಪುಸ್ತಕದ ಗತಿ ಒಂದು ಗೊತ್ತಾಗಬೇಕಿತ್ತು.

ಆ ಪುಸ್ತಕದ ಹೆಸರು ‘ಕೊನೆಯ ಕೆಮ್ಮು’. ಇದೇ ನನ್ನ ಕಡೆಯ ಪ್ರಬಂಧ ಸಂಗ್ರಹ ಎಂದು ಮಾಸ್ತರರು ಮೊದಲ ಪುಟದಲ್ಲಿಯೇ ಸಾರಿದ್ದರು. ಹಾಗೆ ಸಾರಿದಾಗ ನಾಲ್ಕು ಜನ ಓಡಿ ಬಂದು ‘ಬ್ಯಾಡ್ರಿ, ನಿಲ್ಲಸಬ್ಯಾಡ್ರಿ’ ಎಂದು ಕೈ ಹಿಡಿಯುತ್ತಾರೆಂದು ಅವರ ಎಣಿಕೆ. ಬಂದವನು ಒಬ್ಬ, ಕನ್ನಡಕ ಮಾರುವವನು. ‘ಒಳ್ಳೇದಾತು ಬಿಡ್ರಿ ಮಾಸ್ತರ, ಕಣ್ಣಿಗೆ ಆರಾಮ’ ಅಂದ. ಪುಕ್ಕಟೆ ಪ್ರತಿ ತೆಗೆದುಕೊಂಡ ಬೀಗರು ಕಾಗದ ದಪ್ಪ ಇದೆ ಎಂದು ಹೊಗಳಿದರು. ಹೆಂಡತಿ ಮಲ್ಲಿಕಮ್ಮನವರನ್ನು ಕೇಳಿದ್ದಕ್ಕೆ, ‘ಮದುವಿ ಆದಾಗಿಂದ ಕೇಳಿಕೋತನೇ ಬಂದೀನಿ. ಮತ್ತ ಓದೂದು ಯಾಕ್ರಿ?’ ಎಂದರು. ಮುಂಜಾನೆಯ ಶಿವಪೂಜೆ ಮುಗಿದ ಮೇಲೆ ಮಾಸ್ತರರು ಶಿವನ ಕಿವಿಯ ಮೇಲೂ ಪುಸ್ತಕದ ವಿಷಯ ಹಾಕುತ್ತಿದ್ದರು. ಜಗಲಿಯ ಮೇಲೆ ಒಂದು ಪ್ರತಿಯನ್ನೂ ಇಟ್ಟಿದ್ದರು. ಅಲ್ಲಿಂದಲೂ ಅಭಿಪ್ರಾಯ ಬಂದಿರಲಿಲ್ಲ.

ಅಂಥಾ ಹೊತ್ತಿನಲ್ಲಿ ಊರೂರ ಚಾವಡಿಯ ಮುಂದೆ ಡಂಗುರ ಹೊಡೆದು ಈ ಪ್ರಕಟಣೆಯನ್ನು ಓದಲಾಯಿತು:

“ಸಕಲ ಓದುಗ ಜನರಿಗೆ ತಿಳಿಯಪಡಿಸುವುದೇನಂದರೆ, ಶಹಾಪುರದ ಮರಿಲಿಂಗಪ್ಪ ಮಾಸ್ತರ ಇವರ ಖಾತೆಯಲ್ಲಿರುವ ‘ಕೊನೆಯ ಕೆಮ್ಮು’ ಎಂಬ ಪುಸ್ತಕದ ಆಣೆವಾರಿ ನಡೆಯತಕ್ಕದ್ದಿದೆ. ಪುಸ್ತಕದ ಪ್ರತಿಯನ್ನು ಚಾವಡಿಯಲ್ಲಿ ಇಡಲಾಗಿದೆ. ಓದಬಲ್ಲವರು ಓದತಕ್ಕದ್ದು, ಓದಲಾರದವರು ಕೇಳತಕ್ಕದ್ದು, ಇಬ್ಬರೂ ತಮ್ಮಲ್ಲಿ ಹುಟ್ಟಿದ ಅಭಿಪ್ರಾಯವನ್ನು ಗಿರದಾವರರ ಮುಂದೆ ಹಾಜರುಪಡಿಸತಕ್ಕದ್ದು. ಅಭಿಪ್ರಾಯವನ್ನು ಬಚ್ಚಿಟ್ಟವರು, ಬೇರೆ ಊರಿಗೆ ಸಾಗಿಸಿದವರು, ಕಾಳಿನಂತೆ ನೆಲದ ಹಗೆಯೊಳಗೆ ತುಂಬಿಟ್ಟವರು ಶಿಕ್ಷೆಗೆ ಗುರಿಯಾಗುವರು.”

ಮಾಸ್ತರರು ಬಿಳಿ ರುಮಾಲು ಸುತ್ತಿಕೊಂಡು ಕಚೇರಿಗೆ ಹೋದರು. ಕಚೇರಿಯ ವಿಶೇಷಾಧಿಕಾರಿ ಮೈಸೂರು ಕಡೆಯಿಂದ ಬಂದ ತರುಣ, ಬಹಳ ಸಂಭಾವಿತ. ಈ ಕಡೆಯ ಬಿಸಿಲಿಗೆ ಒದ್ದೆ ಟುವಾಲನ್ನು ತಲೆಯ ಮೇಲೆ ಹಾಕಿಕೊಂಡೇ ಅಧಿಕಾರ ನಡೆಸುತ್ತಿದ್ದರು. ಅವರ ಪಕ್ಕದಲ್ಲಿ ಗಿರದಾವರ ಫಕ್ರುದ್ದೀನ ಸಾಹೇಬರು ಕೂತಿದ್ದರು. ಹಳೆಯ ಸರ್ಕಾರದಲ್ಲಿ ಮೂವತ್ತು ವರ್ಷ ಹೊಲ ತಿರುಗಿ ಬೆಳೆ ಅಂದಾಜು ಮಾಡಿದವರು. ಹೊಸ ರಾಜ್ಯದಲ್ಲಿ ಹೆಚ್ಚುವರಿ ಆಗಿ ಉಳಿದು ಇಲ್ಲಿಗೆ ಬಂದಿದ್ದರು.

“ಬನ್ನಿ, ಕೂತ್ಕೊಳ್ಳಿ,” ಎಂದರು ವಿಶೇಷಾಧಿಕಾರಿ. “ನಿಮ್ಮ ಪುಸ್ತಕದ ಚಕ್ಕುಬಂದಿ ಹೇಳಿ, ನಾಲ್ಕು ದಿಕ್ಕಿನ ಗಡಿ. ಮೂಡಲಿಗೆ ಏನಿದೆ?”

ಮಾಸ್ತರರು ವಿಚಾರ ಮಾಡಿದರು. “ಮೂಡಲಿಗೆ ಮುನ್ನುಡಿ ಅದರಿ.”

“ಪಡುವಲಿಗೆ?”

“ಹಿಂದಿನ ರಟ್ಟು.”

“ಖುಷ್ಕಿಯೋ, ತರಿಯೋ?”

ಖುಷ್ಕಿ ಎಂದರೆ ಒಣ ಬೇಸಾಯ, ತರಿ ಎಂದರೆ ನೀರಾವರಿ. ಮಾಸ್ತರರು ಎದೆಯುಬ್ಬಿಸಿ, “ಖುಷ್ಕಿ ಅಂತ ಬರಕೊಳ್ರಿ. ನನ್ನ ಪುಸ್ತಕದಾಗ ಒಂದು ಹನಿ ಕಣ್ಣೀರಿಲ್ಲ,” ಎಂದರು.

“ಬೇಶ್,” ಎಂದು ಫಕ್ರುದ್ದೀನ ಸಾಹೇಬರು ಖುಷ್ಕಿ ಎಂದು ಬರೆದುಕೊಂಡರು. “ಮತ್ತ ಒಂದು ಕಾಯ್ದೆ ಅದ ಮಾಸ್ತರ. ಆಣೆವಾರಿ ಆಗೂ ಮುಂದ ಖಾತೆದಾರ ಜಾಗಾದ ಮ್ಯಾಲ ಇರಬೇಕು, ಬಾಯಿ ಮಾತ್ರ ಬಿಡಬಾರದು.”

ಈ ಕಾಯ್ದೆಯನ್ನು ಕೇಳಿ ಮಲ್ಲಿಕಮ್ಮನವರಿಗೆ ಸರ್ಕಾರದ ಮೇಲೆ ಮೊದಲ ಸಲ ವಿಶ್ವಾಸ ಹುಟ್ಟಿತು.

ಮೊದಲ ಊರು ವನದುರ್ಗ. ಗಿರದಾವರರೂ ಮಾಸ್ತರರೂ ಒಂದೇ ಚಕ್ಕಡಿಯಲ್ಲಿ ಹೋದರು. ಕೋಟೆಯ ಗೋಡೆ ಕಾಣುವ ಹೊತ್ತಿಗೆ ಚಾವಡಿಯ ಕಡೆಯಿಂದ ಏನೋ ಸಪ್ಪಳ ಕೇಳಿಸಿತು. ಮಾಸ್ತರರು ಕಿವಿಗೆ ಕೈ ಹಚ್ಚಿದರು. ಅದು ನಗೆಯೇ ಆಗಿತ್ತು. ಒಬ್ಬಿಬ್ಬರದಲ್ಲ, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡ ನಗೆ. ನಡುನಡುವೆ ಪರಮಣ್ಣನ ಗಂಟಲು ಕೇಳುತ್ತಿತ್ತು. ಪರಮಣ್ಣ ಆ ಊರಲ್ಲಿ ಪುರಾಣ ಓದುವವನು, ಈಗ ‘ಕೊನೆಯ ಕೆಮ್ಮ’ನ್ನು ಅದೇ ಧಾಟಿಯಲ್ಲಿ ಓದುತ್ತಿದ್ದ. ಮಾಸ್ತರರ ಮೈಮೇಲೆ ಮುಳ್ಳು ಎದ್ದವು. ‘ಶಿವನೇ, ಇಷ್ಟು ಕೇಳಿಸಿದೆಯಲ್ಲ, ಸಾಕು’ ಎಂದು ಮನಸ್ಸಿನಲ್ಲಿ ಕೈಮುಗಿದರು.

ಚಕ್ಕಡಿ ತಿರುವು ದಾಟಿತು. ಗಿರದಾವರರ ಕರಿ ಟೋಪಿ ಜನರ ಕಣ್ಣಿಗೆ ಬಿತ್ತು.

ಆಮೇಲೆ ಆದದ್ದು ಆ ಊರಿನಲ್ಲಿ ತಲೆತಲಾಂತರದಿಂದ ಆಗಿಕೊಂಡು ಬಂದದ್ದೇ. ನಗೆ ಅಲ್ಲಿಗಲ್ಲಿಗೇ ನಿಂತಿತು. ಗಂಡಸರು ಮುಖ ಜೋಲಿಸಿಕೊಂಡರು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಕ್ಕು ಬಂದ ನೀರು ಅಳುವಿನ ಲೆಕ್ಕಕ್ಕೆ ಬಂತು. ಪರಮಣ್ಣ ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಒಂದು ಖಾಲಿ ಚೀಲ ಎಳೆದ.

“ಏನಪಾ ಪರಮಣ್ಣ,” ಎಂದು ಫಕ್ರುದ್ದೀನ ಸಾಹೇಬರು ಕಟ್ಟೆಯ ಮೇಲೆ ಕೂತರು. “ಈ ವರ್ಷ ಅಭಿಪ್ರಾಯ ಹ್ಯಾಂಗ ಬಂದದ?”

“ಏನು ಬರತದ್ರಿ ಸಾಹೇಬರ,” ಎಂದು ಪರಮಣ್ಣ ನಿಟ್ಟುಸಿರು ಬಿಟ್ಟ. “ಮೊದಲನೇ ಪ್ರಬಂಧದಾಗ ಒಂದೀಟು ಮೊಳಕಿ ಕಂಡಿತ್ತು. ಎರಡನೇದರಾಗ ಗಾಳಿ ಬಿಡ್ತು. ಆಮ್ಯಾಲ ಎಲ್ಲಾ ಜೊಳ್ಳು.”

“ನಗಿ ಏನರ ಬಂತೇನು?”

“ನಗಿ ಎಲ್ಲಿದ್ರಿ? ಕೂಸುಗಳಿಗೆ ಸೈತ ಸಾಕಾಗಲಿಲ್ಲ.”

ಗೊಲ್ಲಾಳಮ್ಮ ಎಂಬ ಮುದುಕಿ ಮುಂದೆ ಬಂದು ಕೈ ಬಾಯಿ ತಿರುವಿದಳು. “ನಮ್ಮ ಮನ್ಯಾಗಂತೂ ಏನೂ ಇಲ್ಲೋ ನನ್ನಪ್ಪ. ಹೋದ ವರ್ಷದ ನಗಿ ಒಂದೀಟು ಉಳದಿತ್ತು, ಅದರಾಗೇ ಸಂಸಾರ ನಡಸಾಕತ್ತೀವಿ.”

ಮಾಸ್ತರರು ಬಾಯಿ ತೆರೆದರು. ಫಕ್ರುದ್ದೀನ ಸಾಹೇಬರು ಬೆರಳೆತ್ತಿದರು. ಮಾಸ್ತರರು ಬಾಯಿ ಮುಚ್ಚಿದರು. ವನದುರ್ಗಕ್ಕೆ ಎರಡಾಣೆ ಬಿತ್ತು.

ಗಿರದಾವರರು ಕೈಕಾಲು ತೊಳೆಯಲು ಬಾವಿಯ ಕಡೆಗೆ ಹೋದಾಗ ಪರಮಣ್ಣ ಚಕ್ಕಡಿಯ ಮರೆಗೆ ಬಂದು ಮಾಸ್ತರರ ಕೈ ಹಿಡಿದ. “ಚಿಂತಿ ಮಾಡಬ್ಯಾಡ್ರಿ ಮಾಸ್ತರ. ನಾವು ಜೀವ ಹೋದ್ರೂ ಎರಡಾಣಿ ಮ್ಯಾಲ ಹತ್ತೂದಿಲ್ಲ. ನಿಮ್ಮ ಮ್ಯಾಲ ಒಂದು ದುಗ್ಗಾಣಿ ಕಂದಾಯ ಕೂಡಗೊಡೂದಿಲ್ಲ.”

“ಅಯ್ಯೋ ಪರಮಣ್ಣಾ, ಇದು ಜ್ವಾಳ ಅಲ್ಲೋ ಮಾರಾಯ, ಪುಸ್ತಕ! ಇದರಾಗ ಆಣಿ ಹೆಚ್ಚಾದ್ರ ಚಲೋ!”

ಪರಮಣ್ಣ ಕನಿಕರದಿಂದ ನಕ್ಕ. “ಹಂಗಂತ ನಿಮಗೂ ಹೇಳ್ಯಾರಲ್ಲ? ಎಲ್ಲಾರಿಗೂ ಹಂಗೇ ಹೇಳತಾರ್ರಿ. ನೀವು ಓದಿದವರು, ನಂಬಿಬಿಡತೀರಿ.”

ಎರಡನೆಯ ಊರು ಯಾದಗಿರಿಯ ಆಚೆಯ ಬಳಿಚಕ್ರ. ಅಲ್ಲಿ ಅಮಾತೆಪ್ಪ ಎಂಬ ಹಳೆಯ ಶಿಷ್ಯನಿದ್ದ. ಮಾಸ್ತರರು ಅವನಿಗೆ ಮೊದಲೇ ಒಂದು ಕಾರ್ಡು ಹಾಕಿದರು: ‘ಯಾರೂ ಅಂಜಬೇಕಾಗಿಲ್ಲ. ಓದಿದಾಗ ಏನು ಅನಿಸಿತೋ ಅದನ್ನೇ ಹೇಳಿರಿ. ಮರೆಮಾಚಬೇಡಿರಿ.’ ವಿಡಂಬನಕಾರನಾಗಿ ಇಷ್ಟು ವರ್ಷ ಬದುಕಿದವರು ಸರ್ಕಾರಿ ಕೆಲಸದ ನಡುವೆ ಖರೆಯನ್ನು ತೂರಿಸುವ ಹುಡುಗಾಟಕ್ಕೆ ಕೈ ಹಾಕಿದ್ದು ತಪ್ಪೇ. ಮುಪ್ಪಿನಲ್ಲಿ ಬುದ್ಧಿ ಒಂದೊಂದು ಸಲ ಹೀಗೆ ಸರಳವಾಗಿಬಿಡುತ್ತದೆ.

ಬಳಿಚಕ್ರದ ಚಾವಡಿಯಲ್ಲಿ ಅಮಾತೆಪ್ಪ ಎದ್ದು ನಿಂತು ಕೈಕಟ್ಟಿಕೊಂಡು ಸಾಲಿಯ ಹುಡುಗನ ಹಾಗೆ ಹೇಳಿದ: “ಹದಿನಾರಾಣಿ ಬಂದದ್ರಿ ಸಾಹೇಬರ. ಭರ್ತಿ ಬೆಳಿ. ನಕ್ಕು ನಕ್ಕು ಪಕ್ಕಡಿ ಎಲುಬು ಹಿಡದಾವ.”

ಫಕ್ರುದ್ದೀನ ಸಾಹೇಬರ ಕೈಯೊಳಗಿನ ಲೇಖನಿ ನಿಂತಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹದಿನಾರಾಣಿ ಅಂದಿ?”

“ಹೌದ್ರಿ.”

“ನಿನಗ ಮೈಯಾಗ ಆರಾಮ ಅದ ಇಲ್ಲೋ?”

“ಆರಾಮ ಅದೀನ್ರಿ.”

“ನನ್ನ ನೌಕರಿಯೊಳಗ ಹದಿನಾರಾಣಿ ಅಂದವ ಒಬ್ಬನೇ ಇದ್ದ,” ಎಂದು ಫಕ್ರುದ್ದೀನ ಸಾಹೇಬರು ನಿಧಾನವಾಗಿ ಹೇಳಿದರು. “ಅವಗ ನೆತ್ತಿಗೆ ಬಿಸಲು ಬಡದಿತ್ತು. ನೀರು ಹೊಡದ ಮ್ಯಾಲ ಮೂರಾಣಿಗೆ ಇಳದ.”

ಸಂಶಯ ಬಂದ ಬೆಳೆಗೆ ಕಾಯ್ದೆಯಲ್ಲಿ ಒಂದು ದಾರಿ ಇದೆ. ಹೊಲದ ನಡುವೆ ಕಣ್ಣು ಮುಚ್ಚಿ ಒಂದು ಗೂಟ ಎಸೆದು, ಅದು ಬಿದ್ದಲ್ಲಿ ಒಂದು ಚೌಕ ಅಳೆದು, ಆ ಚೌಕದ ಬೆಳೆಯನ್ನಷ್ಟೇ ಕೊಯ್ದು ತೂಗಿ ನೋಡುವುದು. ಅದರ ಮೇಲೆ ಇಡೀ ಹೊಲದ ಲೆಕ್ಕ. ಪುಸ್ತಕಕ್ಕೂ ಹಾಗೆಯೇ ಮಾಡುವುದೆಂದು ಠರಾವಾಯಿತು. ಚಾವಡಿಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಚೌಕ ಮಾಡಿ ಜನರನ್ನು ಅದರೊಳಗೆ ನಿಲ್ಲಿಸಿದರು. ಗೆರೆಯ ಹೊರಗೆ ನಕ್ಕ ನಗೆ ಜಮೆಯಾಗುವುದಿಲ್ಲ ಎಂದು ಎಚ್ಚರಿಕೆ ಕೊಟ್ಟರು. ಚೀಲ ಹೊಲಿಯುವ ಸಾಯಬಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ದಬ್ಬಣ ಕೊಟ್ಟು, ಮುಚ್ಚಿದ ಪುಸ್ತಕದ ಹಾಳೆಗಳ ನಡುವೆ ತೂರಿಸಲು ಹೇಳಿದರು.

ಮಾಸ್ತರರು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸಿದರು. ಗಿರದಾವರನ ಕುದುರೆಯ ಪ್ರಬಂಧ ಬರಲಿ, ಅದು ಬಾರದಿದ್ದರೆ ಮಸಿಕುಡಿಕೆಯದು ಬರಲಿ. ದಬ್ಬಣ ತೂರಿತು. ಪುಸ್ತಕ ಬಿಚ್ಚಿತು. ಅದು ಎಲ್ಲಕ್ಕಿಂತ ಕೊನೆಯ ಹಾಳೆ, ‘ಲೇಖಕರ ಕಿರುಪರಿಚಯ’.

ಮಾಸ್ತರರ ಜಪ ತಪ್ಪಿತು. ಆ ಹಾಳೆಯನ್ನು ಬೇರೆ ಯಾರೋ ಬರೆದಂತೆ ಅವರು ತಾವೇ ಬರೆದಿದ್ದರು. ಇಡೀ ಪುಸ್ತಕದಲ್ಲಿ ನಗಿಸುವ ಉದ್ದೇಶವಿಲ್ಲದೆ ಬರೆದದ್ದು ಅದೊಂದೇ. ಬರೆದು ಹರಿದು, ಬರೆದು ಹರಿದು, ಒಂದೊಂದು ಶಬ್ದವನ್ನು ತೂಗಿ ಇಟ್ಟಿದ್ದರು.

ಫಕ್ರುದ್ದೀನ ಸಾಹೇಬರು ಓದಲು ಸುರು ಮಾಡಿದರು. ವರ್ಷದೊಳಗೆ ಕನ್ನಡ ಪರೀಕ್ಷೆ ಪಾಸು ಮಾಡಬೇಕೆಂದು ಅವರಿಗೆ ಹುಕುಂ ಇತ್ತು; ಇನ್ನೂ ಪಾಸಾಗಿರಲಿಲ್ಲ. ಹೀಗಾಗಿ ಒಂದೊಂದು ಅಕ್ಷರವನ್ನು ಬಿಡಿಸಿ, ಖಾಲಿ ಮುಖದಿಂದ ಓದಿದರು.

“ಶ್ರೀ… ಮರಿಲಿಂಗಪ್ಪ… ನವರು… ಮಿತ… ಭಾಷಿಗಳು.”

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಿಂದ ಸದ್ದು ಮಾಡಿದರು.

“ಪ್ರಚಾರವನ್ನು… ಎಂದೂ… ಬಯಸಿದವರಲ್ಲ. ಈ ನಾಲ್ಕು ಮಾತು ಬರೆಯಲು ಸಹ… ಅವರು ಒಪ್ಪಲಿಲ್ಲ.”

ಚೌಕದೊಳಗೆ ಒಂದು ಅಲೆ ಎದ್ದಿತು. ಸಾಯಬಮ್ಮ ಕಣ್ಣಿನ ಬಟ್ಟೆಯನ್ನು ಬಾಯಿಗೆ ಇಳಿಸಿಕೊಂಡಳು.

“ಇವರ ಲೇಖನಿಗೆ ಅಂಜಿ… ಎಷ್ಟೋ ಅಧಿಕಾರಿಗಳು… ನಿದ್ದೆ ಬಿಟ್ಟರು.” ಇಲ್ಲಿ ಫಕ್ರುದ್ದೀನ ಸಾಹೇಬರು ಓದುವುದನ್ನು ನಿಲ್ಲಿಸಿ, ತಾವು ಯಾವಾಗ ನಿದ್ದೆ ಬಿಟ್ಟಿದ್ದೆವೆಂದು ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡರು. ಅಂಥದ್ದೇನೂ ನೆನಪಾಗದೆ ಮುಂದುವರಿದರು. “ಶಿಷ್ಯರು… ಇವರನ್ನು ನೆನೆದು… ಇಂದಿಗೂ ಕಣ್ಣೀರು ಹಾಕುತ್ತಾರೆ.”

“ಇದು ಮಾತ್ರ ಖರೆ ಅದರೀ!” ಎಂದು ಅಮಾತೆಪ್ಪ ಅಂಗೈ ಉಜ್ಜಿಕೊಳ್ಳುತ್ತ ಕೂಗಿದ. “ಅವರ ಬರಲಿನ ಏಟು ನೆನಪಾದ್ರ ಈಗೂ ಕಣ್ಣೀರು ಬರತಾವ!”

ಬಳಿಚಕ್ರದ ಚಾವಡಿ ಅಂಥಾ ನಗೆಯನ್ನು ಹಿಂದೆ ಕಂಡಿರಲಿಲ್ಲ. ಜನ ಒಬ್ಬರ ಮೇಲೊಬ್ಬರು ಬಿದ್ದರು. ಸುಣ್ಣದ ಗೆರೆ ಕಾಲಲ್ಲಿ ಅಳಿಸಿಹೋಯಿತು. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಕ್ಕವರ ನಗೆಯನ್ನು ಅರ್ಧ ಹಿಡಿಯಲಾಯಿತು. ಕಾಯ್ದೆಯ ಪ್ರಕಾರ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ ಮಾಸ್ತರರ ಕಿವಿ ಮಾತ್ರ ಕೆಂಪಾಗಿತ್ತು. ಜೀವಮಾನವಿಡೀ ಅವರು ಇಂಥದೊಂದು ನಗೆಗಾಗಿ ಕೆಲಸ ಮಾಡಿದ್ದರು. ಅದು ಬಂದೇಬಿಟ್ಟಿತ್ತು.

ತಿರುಗಿ ಬರುವಾಗ ಚಕ್ಕಡಿ ಊರ ಗಡಿ ದಾಟಿತು. ಆಗ ಮಾಸ್ತರರು ಕೇಳಿದರು. “ಸಾಹೇಬರ, ಅಕ್ಷರಕ್ಕ ಅಕ್ಷರ ಕೂಡಿಸಿ ನೀವು ಪುಸ್ತಕ ಪೂರಾ ಓದೀರಿ ಅಂತ ಕೇಳೀನಿ. ಖಾಸಗಿ ಕೇಳತೀನಿ, ನಿಮಗ ಏನ ಅನಸ್ತು?”

ಫಕ್ರುದ್ದೀನ ಸಾಹೇಬರು ಎತ್ತಿನ ಬಾಲವನ್ನೇ ನೋಡಿದರು. “ನನಗ ಅನಸೂ ಹಕ್ಕು ಇಖ್ತಿಯಾರ ಇಲ್ರಿ ಮಾಸ್ತರ. ಕನ್ನಡ ಪರೀಕ್ಷಾ ಪಾಸಾಗೂತನ ಏನ ಅನಸಿದ್ರೂ ಉರ್ದುದಾಗೇ ಅನಸತದ. ಉರ್ದುದಾಗ ಅನಸಿದ್ದು ಈಗ ಕಚೇರ್ಯಾಗ ನಡ್ಯಂಗಿಲ್ಲ.”

“ಉರ್ದುದಾಗೇ ಹೇಳ್ರಿ, ನನಗ ತಿಳೀತದ.”

“ಅದಕ್ಕೇ ಹೇಳಂಗಿಲ್ಲ,” ಎಂದು ಸಾಹೇಬರು ಆಚೆ ಮುಖ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿದ್ದದ್ದು ಚಕ್ಕಡಿಯ ಕುಲುಕಾಟಕ್ಕೋ ಏನೋ, ಮಾಸ್ತರರ ಮಂಜುಗಣ್ಣಿಗೆ ತಿಳಿಯಲಿಲ್ಲ.

ಸುರಪುರದ ಆಣೆವಾರಿಯನ್ನು ಕಚೇರಿಯಲ್ಲಿ ಕೂತುಕೊಂಡೇ ಎರಡಾಣೆ ಎಂದು ಹಾಕಿದರು. ದೂರದ ಹೊಲಗಳಿಗೆ ಅದೇ ವಾಡಿಕೆ.

ವಿಶೇಷಾಧಿಕಾರಿಗಳು ಎಲ್ಲ ಕಾಗದಗಳನ್ನು ಮುಂದಿಟ್ಟುಕೊಂಡು, ಟುವಾಲನ್ನು ಮತ್ತೊಂದು ಸಲ ಒದ್ದೆ ಮಾಡಿಸಿಕೊಂಡು ಆಲೋಚಿಸಿದರು. ಪ್ರಬಂಧಗಳ ಮೇಲೆ ಬಂದದ್ದು ಎರಡಾಣೆ. ಕೊನೆಯ ಹಾಳೆಯ ಮೇಲೆ ಬಂದದ್ದು ಪಂಚರ ಸಮಕ್ಷಮ ಹದಿನಾರಾಣೆ. ಒಂದೇ ಸರ್ವೆ ನಂಬರಿನಲ್ಲಿ ಅರೆಪಾಲು ಬೀಳು, ಅರೆಪಾಲು ಬೆಳೆ ಇದ್ದಾಗ ಏನು ಮಾಡಬೇಕೆಂದು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಅವರು ಮಾಸ್ತರರನ್ನು ಕರೆಸಿದರು.

“ನಿಮಗೆ ಅನ್ಯಾಯ ಆಗಬಾರದು ಅಂತ ಪೋಡಿ ಮಾಡಿಸಿದ್ದೀವಿ,” ಎಂದರು.

“ಪೋಡಿ ಅಂದ್ರ ಹೊಲ ತುಂಡು ಮಾಡೂದಲ್ರಿ?”

“ಅದೇ. ಕೊನೇ ಹಾಳೆ ಬೇರೆ ಮಾಡಿದ್ದೀವಿ. ಅದು ಕಪಾಟಿಗೆ ಹೋಗುತ್ತೆ. ನಿಮ್ಮ ಹೆಸರಲ್ಲೇ.”

“ಉಳಿದ ಪುಸ್ತಕ?”

“ಅದು ಬೀಳು. ಅದರಲ್ಲಿ ದನ ಮೇಯಿಸೋದಕ್ಕೆ ನಮ್ಮ ಅಭ್ಯಂತರ ಏನೂ ಇಲ್ಲ.”

ಮಾಸ್ತರರು ಕುರ್ಚಿಯಿಂದ ಎದ್ದರು. “ಸಾಹೇಬರ, ವನದುರ್ಗದಾಗ ಮಂದಿ ನಕ್ಕಿದ್ದು ನಾ ನನ್ನ ಕಿವಿಲೆ ಕೇಳೀನ್ರಿ. ಮೇಲರ್ಜಿ ಹಾಕತೀನಿ.”

“ಧಾರಾಳವಾಗಿ ಹಾಕಿ,” ಎಂದು ವಿಶೇಷಾಧಿಕಾರಿಗಳು ಡ್ರಾಯರು ತೆಗೆದು ಹುಡುಕಿದರು. ಆಮೇಲೆ ಬಹಳ ಸಂಕೋಚಪಟ್ಟರು. “ನೋಡಿ, ಆಣೆ ಹೆಚ್ಚಾಯ್ತು, ಕಡಿಮೆ ಮಾಡಿ ಅಂತ ಕೇಳೋ ನಮೂನೆ ಇದೆ. ಕಡಿಮೆ ಆಯ್ತು, ಹೆಚ್ಚು ಮಾಡಿ ಅಂತ ಈವರೆಗೆ ಭೂಮಿ ಮೇಲೆ ಯಾರೂ ಕೇಳಿಲ್ವಂತೆ. ಅದಕ್ಕೆ ನಮೂನೇನೇ ಅಚ್ಚಾಗಿಲ್ಲ. ನಿಮಗೆ ಹಾಳೆಯೂ ಬೇಡ ಅಂದ್ರೆ ಪೂರ್ತಿ ಬೀಳು ಅಂತ ಬರೀಬಹುದು. ಯೋಚನೆ ಮಾಡಿ.”

ಮಾಸ್ತರರು ಮನೆಗೆ ಬಂದು ಜಗಲಿಯ ಮುಂದೆ ಕೂತರು. ಮಲ್ಲಿಕಮ್ಮನವರು ಎಲ್ಲವನ್ನೂ ಕೇಳಿದರು, ನಡುವೆ ಒಂದು ಸಲ ರೊಟ್ಟಿ ಮಗುಚಲು ಎದ್ದು ಹೋಗಿ ಬಂದರು.

“ಆ ಹಾಳಿಯೊಳಗ ನನ್ನ ಹೆಸರು ಅದ ಏನ್ರಿ?” ಎಂದು ಕೇಳಿದರು.

“ಇಲ್ಲ.”

“ಪುಣ್ಯ ಬಂತು. ಹೋಗಲಿ ಬಿಡ್ರಿ ಕಪಾಟಿಗೆ. ಉಳಿದದ್ದು ಮನ್ಯಾಗ ಇರತದ. ಬೀಳು ಆಗಿ ನೀವೂ ಮನ್ಯಾಗೇ ಇದ್ದೀರಲ್ಲ, ನಾ ಏನ ಹೊರಗ ಹಾಕೀನೇನು?”

ಕಚೇರಿಗೆ ತಲೆಬಾಗಿದವರನ್ನು ಮಾಸ್ತರರು ಜೀವಮಾನವಿಡೀ ಹಾಸ್ಯ ಮಾಡಿದ್ದರು. ಮರುದಿನ ಹೋಗಿ, ಗುಂಡಾದ ಅಕ್ಷರದಲ್ಲಿ, ಗೆರೆಗೆ ತಾಗದಂತೆ ರುಜು ಹಾಕಿದರು. ರುಜು ಚೆಂದ ಬಂದಿದೆ ಎಂದು ವಿಶೇಷಾಧಿಕಾರಿಗಳು ಮೆಚ್ಚಿದರು. ‘ಕೊನೆಯ ಕೆಮ್ಮಿ’ಗೆ ಸಂಬಂಧಿಸಿ ಲೇಖಕರು ಎದುರಿಗೆ ಕೇಳಿದ ಮೊದಲ ಮೆಚ್ಚುಗೆ ಅದು.

ವಾಚನಾಲಯ ತೆರೆದ ದಿನ ಊರು ಕಿಕ್ಕಿರಿದಿತ್ತು. ಒಂದು ಹಾಳೆ ಕಪಾಟಿನಲ್ಲಿ ತಾನಾಗಿ ನಿಲ್ಲುವುದಿಲ್ಲವಾದ್ದರಿಂದ ಅದಕ್ಕೆ ಹಿಂದೆ ಮುಂದೆ ರಟ್ಟು ಕಟ್ಟಿಸಿ, ಬೆನ್ನಿಗೆ ಬಟ್ಟೆ ಹಚ್ಚಿಸಿ, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದ್ದರು. ಬೇರೆ ಲೇಖಕರ ಆಣೆವಾರಿ ಇನ್ನೂ ಮುಗಿದಿರಲಿಲ್ಲ. ಇಡೀ ಕಪಾಟಿನಲ್ಲಿ ಅದೊಂದೇ ಇತ್ತು. ವಿಶೇಷಾಧಿಕಾರಿಗಳು ಮಾತಾಡಿ, ನಾಡು ಒಂದಾದದ್ದರ ಫಲ ಇಂದು ಕಣ್ಣಿಗೆ ಕಾಣುತ್ತಿದೆ ಎಂದರು. ಜನ ಸಾಲಾಗಿ ಬಂದು ಹಾಳೆ ಓದಿ, ನಕ್ಕು, ಮುಂದಿನವರಿಗೆ ಜಾಗ ಬಿಟ್ಟುಕೊಟ್ಟರು. ಕೊರಳಲ್ಲಿ ಹೂಮಾಲೆ ಹಾಕಿಕೊಂಡು ಮಾಸ್ತರರು ಕಪಾಟಿನ ಪಕ್ಕದಲ್ಲಿ ನಿಂತಿದ್ದರು. ಅವರ ಬಯಕೆ ಕೈಗೂಡಿತ್ತು. ಪುಸ್ತಕ ಕೈಗೂಡಿರಲಿಲ್ಲ, ಅಷ್ಟೇ.

ಯಾರೋ ಅಂಗಿ ಜಗ್ಗಿದರು. ಪರಮಣ್ಣ. ಹಿಂದೆ ಗೊಲ್ಲಾಳಮ್ಮ. ಇಬ್ಬರೂ ಮಾಸ್ತರರನ್ನು ವಾಚನಾಲಯದ ಹಿತ್ತಲಿನ ಬೇವಿನ ಗಿಡದ ಹಿಂದೆ ಕರೆದುಕೊಂಡು ಹೋದರು. ಪರಮಣ್ಣ ಆಚೀಚೆ ನೋಡಿ ದನಿ ತಗ್ಗಿಸಿದ.

“ಯಾರೂ ಇಲ್ಲಲ್ರಿ? ಹಂಗಾದ್ರ ಹೇಳತೀನಿ ಕೇಳ್ರಿ. ಆ ಕುದರಿ ಪ್ರಬಂಧ ಬರದೀರಲ್ಲ, ಗಿರದಾವರ ಪಿಂಚಣಿ ಆದ ಮ್ಯಾಲೂ ಕುದರಿ ತಾನೊಂದೇ ದಿನಾಲೂ ಕಚೇರಿಗೆ ಬಂದು ಹಾಜರಿ ಕೊಡತದ ಅಂತ? ಆಹಾಹಾ! ಮೂರು ಸಲ ಓದಸಿದ್ರಿ ಮಂದಿ.”

“ನಮ್ಮ ಮುದುಕ,” ಎಂದು ಗೊಲ್ಲಾಳಮ್ಮ ನಡುವೆ ಬಾಯಿ ಹಾಕಿದಳು, “ಮಗನ ಕೂಡ ಜಗಳಾಡಿ ಮಾತು ಬಿಟ್ಟಿದ್ದ. ಆ ಕುದರಿ ಹಲ್ಲು ಕಿಸದು ರುಜು ಮಾಡತದಲ್ಲ, ಅಲ್ಲಿ ಇಬ್ಬರಿಗೂ ಕೂಡೇ ನಗಿ ಬಂತು. ನಕ್ಕ ಮ್ಯಾಲ ಮತ್ತ ಸಿಟ್ಟಿಗೇಳಾಕ ಆಗಲಿಲ್ಲ, ಒಂದೇ ಗಂಗಾಳದಾಗ ಉಂಡ್ರು.” ಆಮೇಲೆ ಮುಖ ಸಣ್ಣ ಮಾಡಿದಳು. “ಆದ್ರ ಮಾಸ್ತರ, ನಿಮ್ಮ ಸಾವಿನ ಮ್ಯಾಲ ಬರದದ್ದು ಭಾಳ ಉದ್ದ ಆತು ನೋಡ್ರಿ. ನೀವು ಸಾಯೂದ್ರಾಗ ನಮಗೇ ನಿದ್ದಿ ಹತ್ತಿತು.”

ಮಾಸ್ತರರು ಗಿಡಕ್ಕೆ ಕೈ ಕೊಟ್ಟು ನಿಂತರು. ಅದು ಉದ್ದವಾಗಿದೆ ಎಂದು ಅವರಿಗೂ ಒಳಗೊಳಗೇ ಗೊತ್ತಿತ್ತು. ಹೊಗಳಿಕೆಯಷ್ಟೇ ಆಗಿದ್ದರೆ ಅವರು ನಂಬುತ್ತಿರಲಿಲ್ಲವೇನೋ. ಈ ಬೈಗುಳ ಕೇಳಿದ ಮೇಲೆ ಎದೆಯೊಳಗೆ ಏನೋ ಸಡಿಲಾಯಿತು. ಕುದುರೆಯೂ ಖರೆ, ಗಂಗಾಳವೂ ಖರೆ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಹೆಗಲು, ಆಮೇಲೆ ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸದ್ದಿಲ್ಲದೆ ನಗತೊಡಗಿದರು.

“ಇದನ್ನ ಒಂದು ಮಾತು ಬರದು ಕೊಡ್ರಿ,” ಎಂದರು ಮಾಸ್ತರರು ಕಣ್ಣೊರೆಸಿಕೊಂಡು.

“ಹುಚ್ಚೇನ್ರಿ?” ಎಂದು ಪರಮಣ್ಣ ಗಾಬರಿಯಾದ. “ಇಷ್ಟು ಕಷ್ಟಪಟ್ಟು ನಿಮ್ಮನ್ನ ಎರಡಾಣಿಗೆ ಇಳಿಸೀವಿ!”

ಅಷ್ಟರಲ್ಲಿ ಗಿಡದ ಆಚೆ ಒಣ ಎಲೆ ಮುರಿದ ಸದ್ದಾಯಿತು. ಕರಿ ಟೋಪಿ ಕಾಣಿಸಿತು. ಫಕ್ರುದ್ದೀನ ಸಾಹೇಬರು ಕಂಕುಳಲ್ಲಿ ದಫ್ತರ ಇಟ್ಟುಕೊಂಡು ಬಂದು ನಿಂತರು.

“ಇಲ್ಲಿ ಏನೋ ನಗಿ ಆಗಾಕತ್ತಿತ್ತಲ್ಲ,” ಎಂದರು. “ಆಣೆವಾರಿ ಆದ ಮ್ಯಾಲ ಬಂದ ಬೆಳಿ ಇದ್ರ ಅದನ್ನೂ ಬರಕೋಬೇಕು. ಮಾಸ್ತರ, ನೀವೇ ಹೇಳ್ರಿ. ಈಗ ನಿಮಗ ಬಾಯಿ ಬಿಡಾಕ ಪರವಾನಗಿ ಅದ.”

ಪರಮಣ್ಣನೂ ಗೊಲ್ಲಾಳಮ್ಮನೂ ಆಗಲೇ ಮುಖ ಜೋಲಿಸಿಕೊಂಡಿದ್ದರು. ಇಬ್ಬರೂ ಉಸಿರು ಬಿಗಿಹಿಡಿದು ಮಾಸ್ತರರನ್ನು ನೋಡಿದರು. ಬಾಯಿ ತುಂಬ ಹೇಳುವುದಿತ್ತು, ಕೇಳುವ ಅಧಿಕಾರಿ ಮುಂದೆ ನಿಂತಿದ್ದರು, ಲೇಖನಿ ಕೈಯಲ್ಲಿತ್ತು.

ಮಾಸ್ತರರು ರುಮಾಲಿನ ತುದಿಯಿಂದ ಕಣ್ಣು ಒತ್ತಿಕೊಂಡು, ಕೆಳದುಟಿಯನ್ನು ಜೋಲು ಬಿಟ್ಟು, ಉದ್ದವಾದ ಒಂದು ನಿಟ್ಟುಸಿರು ಎಳೆದರು.

“ಏನು ನಗಿ ತಂದೀರಿ ಸಾಹೇಬರ. ಗಾಳಿ ಬಿಟ್ಟು ಎಲ್ಲಾ ಒಣಗಿ ಹೋಗ್ಯಾದ.”

ಫಕ್ರುದ್ದೀನ ಸಾಹೇಬರು ಅವರ ಒದ್ದೆ ಮುಖವನ್ನು ಒಂದು ಗಳಿಗೆ ನೋಡಿದರು. ಮೂವತ್ತು ವರ್ಷದ ಅನುಭವ ಅವರದು. ದಫ್ತರ ಬಿಚ್ಚಿ, “ಎರಡಾಣಿ ಅಂತ ಬರಕೊಳ್ಳಲೇನು?” ಎಂದರು.

“ಎರಡಾಣಿನೂ ಜಾಸ್ತಿ ಆತ್ರಿ,” ಎಂದರು ಮಾಸ್ತರರು.